ಸುಗ್ಗಿಯ ಹಿಂದೆ ನಡೆದ ಔಷಧಾಲಯ

ನಲವತ್ತು ವರ್ಷಗಳಿಗೂ ಹಿಂದಿನ ಮಾತು. 1984ರ ಡಿಸೆಂಬರ್ ತಿಂಗಳು. ಮಂಡ್ಯ ಜಿಲ್ಲೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅಧ್ಯಾಪಕನಾಗಿದ್ದೆ. ರಾಷ್ಟ್ರೀಯ ಸೇವಾ ಯೋಜನೆಯ ಹೊಣೆಯೂ ನನ್ನ ಹೆಗಲ ಮೇಲಿತ್ತು. ಹತ್ತು ದಿನಗಳ ಶಿಬಿರಕ್ಕೆಂದು ನಾಲೆಯ ಬಯಲಿನ ಹಳ್ಳಿಯೊಂದಕ್ಕೆ ಐವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಊರಾಚೆ ಕಬ್ಬಿನ ಸೋಗೆಯ ಗುಡಿಸಲುಗಳ ಸಾಲು ಒಂದಿತ್ತು. ಕಬ್ಬು ಕಡಿಯುವುದಕ್ಕಾಗಿ ಬಳ್ಳಾರಿಯ ಕಡೆಯಿಂದ ಬಂದ ಕುಟುಂಬಗಳು ಅಲ್ಲಿ ಬಿಡಾರ ಹೂಡಿದ್ದವು. ಅವರಿಗೊಂದು ವೈದ್ಯಕೀಯ ತಪಾಸಣೆ ನಡೆಸೋಣವೆಂದು ಯೋಚಿಸಿ, ಒಬ್ಬ ವೈದ್ಯರನ್ನು ಒಪ್ಪಿಸಿ, ಮಾತ್ರೆಗಳ ಡಬ್ಬಗಳನ್ನು ಹೊರಿಸಿಕೊಂಡು ಬೆಳಗಿನ ಹತ್ತು ಗಂಟೆಗೆ ನಾವು ಅಲ್ಲಿಗೆ ತಲುಪಿದೆವು.

ಗುಡಿಸಲುಗಳಲ್ಲಿ ಯಾರೂ ಇರಲಿಲ್ಲ. ನಾಲ್ಕಾರು ಕೂಸುಗಳನ್ನು ಮುಂದೆ ಹಾಕಿಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ನಾವು ಬಂದ ಕಾರಣವನ್ನು ಕೇಳಿಕೊಂಡ ಮೇಲೆ ಆಕೆ ಹೇಳಿದಳು: "ಹೊತ್ತು ಮುಣುಗಿದ ಮ್ಯಾಲೆ ಬರ್ರಿ ಯಪ್ಪಾ. ಹಗಲೊತ್ತಿನಾಗ ಇಲ್ಲಿ ಜಡ್ಡಾದೋರೂ ಇರಂಗಿಲ್ಲ."

ವೈದ್ಯರಿಗೆ ರಾತ್ರಿ ಬರಲು ಬಿಡುವಿರಲಿಲ್ಲ. ನನಗೂ ಹುಡುಗರನ್ನು ಕತ್ತಲಲ್ಲಿ ಅಲ್ಲಿಗೆ ಕರೆತರುವ ಧೈರ್ಯವಾಗಲಿಲ್ಲ. ಕೂಸುಗಳಿಗೆ ಒಂದಷ್ಟು ಟಾನಿಕ್ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗಿದೆವು. ಶಿಬಿರದ ವರದಿಯಲ್ಲಿ "ವಲಸೆ ಕೂಲಿಗಾರರಿಗಾಗಿ ವೈದ್ಯಕೀಯ ತಪಾಸಣೆಯನ್ನು ಯಶಸ್ವಿಯಾಗಿ ನಡೆಸಲಾಯಿತು" ಎಂದು ನಾನೇ ನನ್ನ ಕೈಯಾರೆ ಬರೆದೆ.

ಆ ವಾಕ್ಯ ನನ್ನನ್ನು ಬಹುಕಾಲ ಬಾಧಿಸಿತು. ಹೊಲದಿಂದ ಹೊಲಕ್ಕೆ ಸುಗ್ಗಿಯ ಹಿಂದೆ ನಡೆಯುವ ಜನರ ಬಳಿಗೆ ವೈದ್ಯವನ್ನು ಕೊಂಡೊಯ್ಯಲು ವಿದ್ಯಾರ್ಥಿಗಳಾದವರು ಬೇರೆಲ್ಲಿಯಾದರೂ ಯತ್ನಿಸಿದ್ದರೇ, ಯತ್ನಿಸಿದ್ದರೆ ಅವರಿಗೆ ಏನು ಸಾಧ್ಯವಾಯಿತು, ಏನು ಸಾಧ್ಯವಾಗಲಿಲ್ಲ ಎಂದು ಹುಡುಕುತ್ತ ಹೋದೆ. ಆ ಹುಡುಕಾಟ ನನ್ನನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹೊಲಗಳಿಗೆ ಕೊಂಡೊಯ್ದಿತು. ಇಂದು ನಾನು ನಿಮ್ಮ ಮುಂದಿಡಬಯಸುವುದು ಆ ಚರಿತ್ರೆಯನ್ನು.

ಅಮೆರಿಕವೆಂದರೆ ಯಂತ್ರಗಳಿಂದಲೇ ಬೇಸಾಯ ಸಾಗುವ ದೇಶವೆಂಬ ಭಾವನೆ ನಮ್ಮಲ್ಲಿದೆ. ಗೋಧಿ, ಜೋಳಗಳ ಮಟ್ಟಿಗೆ ಇದು ನಿಜ. ಆದರೆ ತಿನ್ನುವ ದ್ರಾಕ್ಷಿ, ಸೇಬು, ಸ್ಟ್ರಾಬೆರಿ, ಎಲೆಕೋಸಿನಂಥ ಹಣ್ಣು ತರಕಾರಿಗಳನ್ನು ಕೀಳಲು ಇಂದಿಗೂ ಬಹುಮಟ್ಟಿಗೆ ಮನುಷ್ಯನ ಬೆರಳೇ ಬೇಕು. ಬೆಳೆ ಒಂದೊಂದು ಸೀಮೆಯಲ್ಲಿ ಒಂದೊಂದು ತಿಂಗಳಿಗೆ ಮಾಗುವುದರಿಂದ ಕೂಲಿಗಾರರು ಅದರ ಬೆನ್ನು ಹಿಡಿದು ನಡೆಯುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ನಡಿಗೆಗೆ ಮೂರು ದೊಡ್ಡ ದಾರಿಗಳಿದ್ದವು. ಪೂರ್ವದಲ್ಲಿ ಫ್ಲಾರಿಡಾದಿಂದ ಹೊರಟು ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗುವುದು ಒಂದು. ಟೆಕ್ಸಾಸಿನಿಂದ ಮಿಶಿಗನ್ ಮೊದಲಾದ ನಡುನಾಡಿನ ರಾಜ್ಯಗಳಿಗೆ ಹೋಗುವುದು ಇನ್ನೊಂದು. ಕ್ಯಾಲಿಫೋರ್ನಿಯದಿಂದ ಆರೆಗನ್, ವಾಷಿಂಗ್ಟನ್ ರಾಜ್ಯಗಳಿಗೆ ಏರುವುದು ಮೂರನೆಯದು. ಈ ದಾರಿಗಳಲ್ಲಿ ಕರಿಯ ಜನರಿದ್ದರು, ಮೆಕ್ಸಿಕನ್ ಮೂಲದವರಿದ್ದರು, ಫಿಲಿಪೈನ್ಸಿನಿಂದ ಬಂದವರಿದ್ದರು, ನೆಲ ಕಳೆದುಕೊಂಡ ಬಡ ಬಿಳಿಯರೂ ಇದ್ದರು. ಯುದ್ಧಕಾಲದಲ್ಲಿ ಕೂಲಿಗಾರರ ಕೊರತೆಯಾದಾಗ, 1942ರಲ್ಲಿ ಮೆಕ್ಸಿಕೋ ದೇಶದೊಡನೆ ಆದ ಒಪ್ಪಂದದಂತೆ ಕರಾರಿನ ಮೇಲೆ ಗಂಡಾಳುಗಳನ್ನು ಕರೆತರುವ ಪದ್ಧತಿ ಆರಂಭವಾಯಿತು. ಯುದ್ಧ ಮುಗಿದರೂ ಪದ್ಧತಿ ಮುಗಿಯಲಿಲ್ಲ. ಅದು 1964ರವರೆಗೆ ನಡೆಯಿತು. ಆ ಅವಧಿಯಲ್ಲಿ ಬರೆದ ಕರಾರುಗಳ ಸಂಖ್ಯೆ ಸುಮಾರು 46 ಲಕ್ಷ.

ಈ ಜನರು ಕಾನೂನಿನ ಕಣ್ಣಿಗೂ ಬೀಳದಿದ್ದುದು ಆಕಸ್ಮಿಕವಲ್ಲ. ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟ 1935ರ ಶಾಸನವು ಕೃಷಿಕೂಲಿಗಳನ್ನು ಹೊರಗಿಟ್ಟಿತು. ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ 1938ರ ಶಾಸನವೂ ಹಾಗೆಯೇ ಮಾಡಿತು. ಕೃಷಿಕೂಲಿಗಳಲ್ಲಿ ಒಂದು ಭಾಗಕ್ಕಾದರೂ ಆ ಕನಿಷ್ಠ ಕೂಲಿ ಅನ್ವಯಿಸಬೇಕೆಂಬ ತಿದ್ದುಪಡಿ ಬಂದದ್ದು 1966ರಲ್ಲಿ. ಆರೋಗ್ಯದ ವಿಷಯದಲ್ಲಿಯೂ ಇದೇ ಕಥೆ. ಬಡವರಿಗೆ ಧರ್ಮಾರ್ಥ ಚಿಕಿತ್ಸೆ ಕೊಡುವ ಹೊಣೆ ಆಯಾ ಜಿಲ್ಲೆಯದು. ಆದರೆ ಇಷ್ಟು ಕಾಲ ಇದೇ ಜಿಲ್ಲೆಯಲ್ಲಿ ವಾಸವಾಗಿರಬೇಕೆಂಬ ನಿಯಮ ಹಲವೆಡೆ ಇತ್ತು. ಬೆಳೆಯೊಡನೆ ನಡೆಯುವವನು ಯಾವ ಜಿಲ್ಲೆಯ ನಿವಾಸಿ? ಎಲ್ಲ ಜಿಲ್ಲೆಗಳಲ್ಲೂ ದುಡಿದು, ಯಾವ ಜಿಲ್ಲೆಗೂ ಸೇರದವನಾಗಿ ಅವನು ಉಳಿದನು.

1960ರ ನವೆಂಬರ್ 25ರಂದು ಈ ಜನರ ಮುಖಗಳನ್ನು ಇಡೀ ದೇಶ ನೋಡುವಂತಾಯಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಲಂಡನ್ನಿನಿಂದ ರೇಡಿಯೋ ವರದಿಗಳನ್ನು ಕಳುಹಿಸಿ ಹೆಸರಾಗಿದ್ದ ಎಡ್ವರ್ಡ್ ಮರೋ ಎಂಬ ಪತ್ರಕರ್ತನು ಅಂದು ಟೆಲಿವಿಷನ್ನಿನಲ್ಲಿ "ನಾಚಿಕೆಯ ಸುಗ್ಗಿ" ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರವನ್ನು ನಿರೂಪಿಸಿದನು. ಅದು ಪ್ರಸಾರವಾದದ್ದು ಸುಗ್ಗಿಗೆ ಕೃತಜ್ಞತೆ ಹೇಳುವ ಅವರ ದೊಡ್ಡ ಹಬ್ಬದ ಮಾರನೆಯ ದಿನ. ಹೊಟ್ಟೆ ತುಂಬ ಉಂಡು ಕುಳಿತಿದ್ದ ಜನರ ಮುಂದೆ, ಆ ಊಟವನ್ನು ಬೆಳೆದು ಕಿತ್ತು ಕೊಟ್ಟವರ ಬಿಡಾರಗಳು ಬಂದು ನಿಂತವು. 1962ರ ಸೆಪ್ಟೆಂಬರ್ 25ರಂದು ಅಧ್ಯಕ್ಷ ಕೆನೆಡಿಯವರು ವಲಸೆ ಕೃಷಿಕೂಲಿಗಳ ಆರೋಗ್ಯ ಶಾಸನಕ್ಕೆ ಸಹಿ ಹಾಕಿದರು. ವರ್ಷಕ್ಕೆ 30 ಲಕ್ಷ ಡಾಲರುಗಳವರೆಗೆ, ಮೂರು ವರ್ಷಗಳ ಕಾಲ, ಈ ಕುಟುಂಬಗಳಿಗಾಗಿ ಚಿಕಿತ್ಸಾಲಯಗಳನ್ನು ನಡೆಸಲು ನೆರವು ಕೊಡಬಹುದೆಂದು ಅದು ವಿಧಿಸಿತು. ಅಷ್ಟು ದೊಡ್ಡ ದೇಶಕ್ಕೆ ಇದು ಚಿಕ್ಕ ಮೊತ್ತವೇ. ಆದರೂ ಈ ಜನರೂ ದೇಶದ ಲೆಕ್ಕಕ್ಕೆ ಸೇರಿದವರೆಂದು ಸರ್ಕಾರ ಬರೆದುಕೊಟ್ಟಂತಾಯಿತು.

ಆದರೆ ಚಿಕಿತ್ಸಾಲಯವನ್ನು ತೆರೆದ ಮಾತ್ರಕ್ಕೆ ರೋಗಿ ಬರುವುದಿಲ್ಲವೆಂಬುದು ಬೇಗನೆ ಗೊತ್ತಾಯಿತು. ಬಿಡಾರದಿಂದ ಪೇಟೆಗೆ ಹತ್ತಾರು ಮೈಲಿ, ವಾಹನವಿಲ್ಲ. ವೈದ್ಯನ ಬಾಗಿಲು ತೆರೆದಿರುವುದು ಹಗಲಿನಲ್ಲಿ. ಹಗಲಿನಲ್ಲಿ ಹೊಲ ಬಿಟ್ಟು ಬಂದರೆ ಅಂದಿನ ಕೂಲಿ ಇಲ್ಲ. ಮಾತಾಡಲು ಹೋದರೆ ರೋಗಿಯದು ಸ್ಪ್ಯಾನಿಷ್, ವೈದ್ಯನದು ಇಂಗ್ಲಿಷ್. ಹೇಗೋ ಬಂದು ಔಷಧಿ ತೆಗೆದುಕೊಂಡರೂ, ಮತ್ತೆ ಹದಿನೈದು ದಿನಕ್ಕೆ ಬಾ ಎಂದರೆ ಅಷ್ಟರಲ್ಲಿ ಬೆಳೆ ಮುಗಿದು ಅವನು ಮುನ್ನೂರು ಮೈಲಿ ಆಚೆ ಇರುತ್ತಾನೆ. ತಿಂಗಳುಗಟ್ಟಲೆ ಬಿಡದೆ ಔಷಧಿ ಸೇವಿಸಬೇಕಾದ ಕ್ಷಯದಂಥ ರೋಗದಲ್ಲಿ ಇದರ ಪರಿಣಾಮವನ್ನು ನೀವೇ ಊಹಿಸಬಹುದು. ಬಳ್ಳಾರಿಯ ಕಡೆಯ ಆ ಮುದುಕಿಯ ಮಾತನ್ನೇ ಫ್ಲಾರಿಡಾದ ಬಿಡಾರದ ಅಜ್ಜಿಯೂ ಆಡಬಹುದಾಗಿತ್ತು. ಆದುದರಿಂದ ಚಿಕಿತ್ಸೆಯ ಹೊತ್ತನ್ನು ಸಂಜೆಗೆ ತಿರುಗಿಸಬೇಕಾಯಿತು. ಜಾಗವನ್ನು ಬಿಡಾರದ ಹತ್ತಿರಕ್ಕೆ ಸರಿಸಬೇಕಾಯಿತು. ಇದಕ್ಕೆಲ್ಲ ಕೈಗಳು ಬೇಕಾದವು, ಕಾಲುಗಳು ಬೇಕಾದವು. ಇಲ್ಲಿಗೆ ವಿದ್ಯಾರ್ಥಿಗಳ ಪ್ರವೇಶವಾಗುತ್ತದೆ.

ವಿದ್ಯಾರ್ಥಿಯೊಬ್ಬನ ಪ್ರಯಾಣದಿಂದ ದೊಡ್ಡ ಬದಲಾವಣೆಯೊಂದು ಮೊಳೆತ ನಿದರ್ಶನವನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಆಫ್ರಿಕದ ನಟಾಲ್ ಸೀಮೆಯ ಫೊಲೆಲಾ ಎಂಬ ಹಳ್ಳಿಗಾಡಿನಲ್ಲಿ ಸಿಡ್ನಿ ಕಾರ್ಕ್, ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿಗಳು 1940ರಲ್ಲಿ ಒಂದು ಆರೋಗ್ಯ ಕೇಂದ್ರವನ್ನು ಕಟ್ಟಿದ್ದರು. ರೋಗಿಯನ್ನಷ್ಟೇ ಅಲ್ಲದೆ ಅವನ ಮನೆಯನ್ನೂ ಊರನ್ನೂ ನೋಡಬೇಕೆಂಬುದು ಅವರ ಪದ್ಧತಿ. ಆಫ್ರಿಕನ್ ಜನರಲ್ಲಿ ಹರಡಿದ್ದ ಸಿಫಿಲಿಸ್ ರೋಗದ ಬೇರು ಗಂಡಸರನ್ನು ಹೆಂಡಿರು ಮಕ್ಕಳಿಂದ ಅಗಲಿಸಿ ಗಣಿಗಳಿಗೂ ಪಟ್ಟಣಗಳಿಗೂ ಸೆಳೆಯುವ ವಲಸೆ ಕೂಲಿಯ ವ್ಯವಸ್ಥೆಯಲ್ಲಿದೆ ಎಂದು ಸಿಡ್ನಿ ಕಾರ್ಕ್ 1949ರಲ್ಲಿಯೇ ಬರೆದಿದ್ದರು. 1957ರಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿ ಜ್ಯಾಕ್ ಗೈಗರ್ ಅಲ್ಲಿಗೆ ಹೋಗಿ ಕೆಲವು ತಿಂಗಳು ಇವರ ಬಳಿ ಕೆಲಸ ಕಲಿತರು. ಎಂಟು ವರ್ಷಗಳ ತರುವಾಯ, 1965ರಲ್ಲಿ, ಬಾಸ್ಟನ್ ನಗರದ ಬಡವರ ಬಡಾವಣೆಯಲ್ಲಿ ಅಂಥದೊಂದು ಕೇಂದ್ರವನ್ನು ತೆರೆದವರಲ್ಲಿ ಗೈಗರ್ ಒಬ್ಬರು. ಬಳಿಕ ಮಿಸಿಸಿಪ್ಪಿಯ ಹತ್ತಿ ಬೆಳೆಯುವ ಸೀಮೆಯಲ್ಲಿ ಇನ್ನೊಂದು ಕೇಂದ್ರ ತೆರೆಯಿತು. ಅಲ್ಲಿ ಹಸಿದು ಸೊರಗಿದ ಮಕ್ಕಳಿಗೆ ವೈದ್ಯರು ಔಷಧಿಯ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸವೆಂದು ಬರೆದುಕೊಟ್ಟರು. ಅಂಗಡಿಯವರು ಸಾಮಾನು ಕೊಟ್ಟು ಲೆಕ್ಕವನ್ನು ಕೇಂದ್ರದ ಔಷಧಿಯ ಖಾತೆಗೆ ಕಳುಹಿಸಿದರು. ಮೇಲಿನ ಅಧಿಕಾರಿಗಳು ಆಕ್ಷೇಪಿಸಿದಾಗ, ಹಸಿವಿನ ರೋಗಕ್ಕೆ ಅನ್ನವೇ ಔಷಧಿ ಎಂಬುದು ಗೈಗರ್ ಕೊಟ್ಟ ಉತ್ತರದ ಸಾರ.

ಇದೇ ಕಾಲಕ್ಕೆ ಕಾಲೇಜುಗಳ ಒಳಗೂ ಗಾಳಿ ಬದಲಾಗಿತ್ತು. 1964ರ ಬೇಸಗೆಯಲ್ಲಿ ಕರಿಯ ಜನರ ಮತದಾನದ ಹಕ್ಕಿಗಾಗಿ ನೂರಾರು ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಹೋದರು. ಮೂವರು ತರುಣ ಕಾರ್ಯಕರ್ತರು ಅಲ್ಲಿ ಕೊಲೆಯಾದರು. ಅದನ್ನು ಕಂಡವರಿಗೆ ಪಾಠದ ಕೋಣೆ ಮೊದಲಿನಂತೆ ಉಳಿಯಲಿಲ್ಲ. ವೈದ್ಯ, ದಂತವೈದ್ಯ, ದಾದಿ, ಸಮಾಜಕಾರ್ಯ ಎಂದು ಬೇರೆ ಬೇರೆ ಓದಿನಲ್ಲಿದ್ದವರು ಒಂದುಗೂಡಿ 1965ರ ಸುಮಾರಿಗೆ ವಿದ್ಯಾರ್ಥಿ ಆರೋಗ್ಯ ಸಂಘಗಳನ್ನು ಕಟ್ಟಿಕೊಂಡರು. 1966ರ ಬೇಸಗೆಯ ರಜೆಯಲ್ಲಿ, ಬಡತನದ ವಿರುದ್ಧ ಸಮರವೆಂದು ಅಧ್ಯಕ್ಷ ಜಾನ್ಸನ್ ಹೂಡಿದ್ದ ಕಾರ್ಯಕ್ರಮದ ಹಣದಿಂದ, ಇವರ ಮೊದಲ ದೊಡ್ಡ ಯೋಜನೆ ಕ್ಯಾಲಿಫೋರ್ನಿಯದಲ್ಲಿ ನಡೆಯಿತು. ನಗರಗಳ ಬಡ ಕೇರಿಗಳಲ್ಲಿಯೂ, ಕಣಿವೆಯ ಕೃಷಿಕೂಲಿಗಳ ನಡುವೆಯೂ ಅವರು ಕೆಲಸ ಮಾಡಿದರು. ಮರುವರ್ಷ ಷಿಕಾಗೋ, ನ್ಯೂಯಾರ್ಕ್ ನಗರಗಳಿಗೂ ಈ ಕಾರ್ಯ ಹಬ್ಬಿತು.

ಅವರು ಹೋದ ಆ ಕಣಿವೆ ಶಾಂತವಾಗಿರಲಿಲ್ಲ. 1965ರ ಸೆಪ್ಟೆಂಬರ್ 8ರಂದು ಡಿಲೇನೊ ಎಂಬ ಊರಿನಲ್ಲಿ ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳುತನದಲ್ಲಿ ಫಿಲಿಪಿನೊ ಕೂಲಿಗಾರರು ದ್ರಾಕ್ಷಿ ತೋಟಗಳ ಕೆಲಸವನ್ನು ನಿಲ್ಲಿಸಿದ್ದರು. ಎಂಟು ದಿನಗಳ ಮೇಲೆ ಸೀಸರ್ ಚಾವೆಜ್ ಅವರ ಮೆಕ್ಸಿಕನ್ ಮೂಲದ ಕೂಲಿಗಾರರ ಸಂಘವೂ ಸೇರಿಕೊಂಡಿತು. ಆ ಮುಷ್ಕರ ಐದು ವರ್ಷ ನಡೆಯಿತು. ಗಾಂಧೀಜಿಯವರನ್ನು ಆದರ್ಶವಾಗಿ ಕಂಡಿದ್ದ ಚಾವೆಜ್, 1968ರಲ್ಲಿ ತಮ್ಮವರು ಹಿಂಸೆಯ ದಾರಿ ಹಿಡಿಯದಿರಲೆಂದು 25 ದಿನ ಉಪವಾಸ ಮಾಡಿದರು. ನಮ್ಮ ಚಂಪಾರಣ್ಯದಿಂದ ಹೊರಟ ಒಂದು ವಿಚಾರ ಅರ್ಧ ಶತಮಾನದ ಮೇಲೆ ಇನ್ನೊಂದು ಭೂಖಂಡದ ಹೊಲದಲ್ಲಿ ಬೇರೂರಿದ್ದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಅದೇ ಗಾಂಧೀಜಿಯ ಜನ್ಮಶತಾಬ್ದಿಯ ನೆನಪಿನಲ್ಲಿ ಆರಂಭವಾದ ಯೋಜನೆಯ ವರದಿಯಲ್ಲಿ ನಾನು ಬರೆದ ವಾಕ್ಯವೂ ಆಗ ನೆನಪಿಗೆ ಬರುತ್ತದೆ.

ವಿದ್ಯಾರ್ಥಿಗಳು ಅಲ್ಲಿ ಮಾಡಬಹುದಾಗಿದ್ದುದೇನು? ಅವರಿನ್ನೂ ವೈದ್ಯರಲ್ಲ. ಚೀಟಿ ಬರೆಯುವ ಅಧಿಕಾರ ಅವರಿಗಿಲ್ಲ. ಇಂಥ ಯೋಜನೆಗಳಲ್ಲಿ ಅವರ ಪಾಲಿಗೆ ಬಂದದ್ದು ಬಹಳ ಸಾಮಾನ್ಯವಾಗಿ ಕಾಣುವ ಕೆಲಸಗಳು. ಬಿಡಾರ ಬಿಡಾರಕ್ಕೆ ಹೋಗಿ ಯಾರಿಗೆ ಏನು ಕಾಯಿಲೆ ಎಂದು ಕೇಳಿ ಬರೆದುಕೊಳ್ಳುವುದು, ರಕ್ತದ ಒತ್ತಡ ನೋಡುವುದು, ಚುಚ್ಚುಮದ್ದಿಗೆ ಮಕ್ಕಳನ್ನು ಒಟ್ಟುಗೂಡಿಸುವುದು, ಬಸುರಿಯನ್ನು ವಾಹನದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಅವಳ ಜೊತೆ ಕಾದು, ವೈದ್ಯನ ಮಾತನ್ನು ಅವಳಿಗೂ ಅವಳ ಮಾತನ್ನು ವೈದ್ಯನಿಗೂ ತಿಳಿಸುವುದು. ಆದರೆ ಪಠ್ಯಪುಸ್ತಕದಲ್ಲಿಲ್ಲದ ವಿದ್ಯೆಯೊಂದು ಅವರಿಗೆ ದೊರೆತದ್ದು ಈ ಕೆಲಸಗಳ ನಡುವೆಯೇ. ಆಸ್ಪತ್ರೆಯಲ್ಲಿ ಕುಳಿತವನು ಕೇಳುವ ಪ್ರಶ್ನೆ: ನಿನಗೆ ಎಲ್ಲಿ ನೋವು? ಬಿಡಾರಕ್ಕೆ ಹೋದವನು ಕೇಳಲೇಬೇಕಾಗಿ ಬರುವ ಪ್ರಶ್ನೆ: ನೀನು ಏನು ಕೆಲಸ ಮಾಡುತ್ತೀಯೆ, ಹೇಗೆ ಮಾಡುತ್ತೀಯೆ? ಮೊದಲನೆಯ ಪ್ರಶ್ನೆಯಿಂದ ಎರಡನೆಯದಕ್ಕೆ ನಡೆದ ದೂರವೇ ಈ ಚರಿತ್ರೆಯ ಸಾರವೆಂದು ನನಗೆ ತೋರುತ್ತದೆ.

ಬೆನ್ನುನೋವಿನ ಮಾತನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯದ ಸೊಪ್ಪು, ತರಕಾರಿಯ ಹೊಲಗಳಲ್ಲಿ ಸಸಿ ವಿರಳ ಮಾಡಲು, ಕಳೆ ಕೀಳಲು ಒಂದು ಗುದ್ದಲಿ ಬಳಕೆಯಲ್ಲಿತ್ತು. ಅದರ ಹಿಡಿಯ ಉದ್ದ ಒಂದಡಿಯ ಆಸುಪಾಸು. ಅದನ್ನು ಹಿಡಿದವನು ಬೆಳಗಿನಿಂದ ಸಂಜೆಯವರೆಗೆ ಸೊಂಟವನ್ನು ಎರಡಾಗಿ ಮಡಿಚಿಯೇ ಇರಬೇಕು. ಕೂಲಿಗಾರರು ಇದನ್ನು ಸ್ಪ್ಯಾನಿಷಿನಲ್ಲಿ "ಗಿಡ್ಡ" ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಗಿಡ್ಡ ಹಿಡಿಯಿಂದಲೇ ಕೆಲಸ ಅಚ್ಚುಕಟ್ಟಾಗುತ್ತದೆಂದು ಒಡೆಯರ ವಾದ. ಮೇಸ್ತ್ರಿಗೆ ಇನ್ನೊಂದು ಅನುಕೂಲವೂ ಇತ್ತು: ಹೊಲದಲ್ಲಿ ಯಾರಾದರೂ ಸೊಂಟ ನೆಟ್ಟಗೆ ಮಾಡಿ ನಿಂತರೆ, ಅವನು ಕೆಲಸ ನಿಲ್ಲಿಸಿದ್ದಾನೆಂದು ದೂರದಿಂದಲೇ ಕಾಣುತ್ತಿತ್ತು. ನಡುವಯಸ್ಸು ತಲುಪುವ ಮೊದಲೇ ಬೆನ್ನುಮೂಳೆ ಸವೆದವರಿಗೆ ಎಷ್ಟು ಮಾತ್ರೆ ಕೊಟ್ಟರೇನು? ಸಂಜೆಯ ಚಿಕಿತ್ಸಾಲಯದಲ್ಲಿ ಕೊಟ್ಟ ಮಾತ್ರೆಯ ಗುಣವನ್ನು ಬೆಳಗಿನ ಗುದ್ದಲಿ ಕಿತ್ತುಕೊಳ್ಳುತ್ತಿತ್ತು.

ಕೀಟನಾಶಕಗಳದೂ ಇದೇ ಬಗೆಯ ಕಥೆ. ಪ್ಯಾರಥಿಯಾನಿನಂಥ ವಿಷಗಳನ್ನು ಸಿಂಪಡಿಸಿದ ತೋಟಕ್ಕೆ ಎಲೆಯ ಮೇಲಿನ ವಿಷ ಆರುವ ಮೊದಲೇ ಕೂಲಿಗಾರರು ಇಳಿಯುತ್ತಿದ್ದರು. ತಲೆಸುತ್ತು, ವಾಂತಿ, ಬೆವರು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಅರಿಯದ ವೈದ್ಯನು ಜ್ವರವೆಂದೋ, ಬಿಸಿಲಿನ ಬಾಧೆಯೆಂದೋ, ಕುಡಿತವೆಂದೋ ತಿಳಿದು ಕಳುಹಿಸುವ ಸಂಭವವೇ ಹೆಚ್ಚು. ನಿನ್ನೆ ತೋಟಕ್ಕೆ ಏನು ಹೊಡೆದಿದ್ದರು ಎಂದು ಕೇಳಿದವನಿಗೆ ಮಾತ್ರ ರೋಗದ ಹೆಸರು ತಿಳಿಯುತ್ತದೆ.

ಈ ವಿದ್ಯಾರ್ಥಿಗಳನ್ನು ವೀರರೆಂದು ಬಣ್ಣಿಸಿ ಮುಗಿಸುವುದು ನನ್ನ ಉದ್ದೇಶವಲ್ಲ. ಅವರ ಪ್ರಯತ್ನಕ್ಕೊಂದು ದೊಡ್ಡ ಕೊರತೆಯಿತ್ತು. ಅದನ್ನು ಅವರೇ ಮೊದಲು ಕಂಡುಕೊಂಡರು. ಬೇಸಗೆಯ ರಜೆ ಮುಗಿದೊಡನೆ ಅವರು ಕಾಲೇಜಿಗೆ ಹಿಂದಿರುಗಬೇಕು. ಮೂರು ತಿಂಗಳಲ್ಲಿ ಹುಟ್ಟಿಸಿದ ಆಸೆಯನ್ನು ನಾಲ್ಕನೆಯ ತಿಂಗಳಲ್ಲಿ ಯಾರು ನಡೆಸಬೇಕು? ಕಾಯಿಲೆಗಳ ಪಟ್ಟಿಯೇನೋ ಸಿದ್ಧವಾಯಿತು. ಚಿಕಿತ್ಸೆ ಕೊಡುವವರು ಎಲ್ಲಿ? ಇದರಿಂದ ಹೆಚ್ಚು ಲಾಭವಾದದ್ದು ಬಡವರಿಗಲ್ಲ, ನಮಗೇ. ನಾವು ಅವರ ಬಡತನದಿಂದ ಪಾಠ ಕಲಿತು ಹೊರಟೆವು ಎಂಬ ಆತ್ಮವಿಮರ್ಶೆ ಅವರೊಳಗೇ ಎದ್ದಿತು. ಕೆಲವರು ಬೇಸಗೆಯ ಸೇವೆಯನ್ನು ಬಿಟ್ಟು ತಮ್ಮ ವೈದ್ಯಕೀಯ ಕಾಲೇಜುಗಳನ್ನೇ ಬದಲಾಯಿಸಬೇಕೆಂದು ಹೊರಟರು. 1970ರ ಹೊತ್ತಿಗೆ ಆ ಸಂಘಗಳು ಕರಗಿಹೋದವು. ನನ್ನ ಮಟ್ಟಿಗೆ, ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಹತ್ತಿರವಾದ ಪುಟ ಇದೇ. ನಾನು ಹತ್ತು ದಿನಕ್ಕೆ ಮಾಡಿದ ತಪ್ಪನ್ನು ಅವರು ಮೂರು ತಿಂಗಳಿಗೆ ಮಾಡಿದ್ದರು. ಆದರೆ ಅವರು ಅದನ್ನು ವರದಿಯಲ್ಲಿ ಮುಚ್ಚಿಡಲಿಲ್ಲ.

ಹಾಗಾದರೆ ಉಳಿದದ್ದೇನು? ಮೊದಲನೆಯದು, ಅಲ್ಲಿಯ ಜನರೇ ನಡೆಸುವ ಚಿಕಿತ್ಸಾಲಯ. ಡಿಲೇನೊ ಊರಿನ ಹೊರಗೆ "ನಲವತ್ತು ಎಕರೆ" ಎಂದೇ ಹೆಸರಾದ ನೆಲದಲ್ಲಿ ಕೂಲಿಗಾರರ ಸಂಘವು ತನ್ನದೇ ಕಚೇರಿಯನ್ನೂ ಚಿಕಿತ್ಸಾಲಯವನ್ನೂ ಕಟ್ಟಿಕೊಂಡಿತು. ಅದರ ಪಕ್ಕದಲ್ಲೇ, ಮದುವೆ ಮಕ್ಕಳಿಲ್ಲದೆ ಮುಪ್ಪಾದ ಫಿಲಿಪಿನೊ ಕೂಲಿಗಾರರಿಗಾಗಿ ಒಂದು ವಸತಿಗೃಹ ಎದ್ದಿತು. ಬೇರೆ ಜನಾಂಗದವರನ್ನು ಮದುವೆಯಾಗುವುದನ್ನು ಕಾನೂನು ನಿಷೇಧಿಸಿದ್ದ ಕಾಲದಲ್ಲಿ ತಾರುಣ್ಯ ಕಳೆದವರು ಅವರು. 1974ರಲ್ಲಿ ಪೂರ್ಣಗೊಂಡ ಆ ಮನೆಗೆ ಇಟ್ಟಿಗೆ ಹೊತ್ತವರಲ್ಲಿ ದೂರದ ಊರುಗಳಿಂದ ಬಂದ ಕಾಲೇಜು ವಿದ್ಯಾರ್ಥಿಗಳು ಬಹಳ ಮಂದಿ. 1975ರಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಖಾಯಂ ಶಾಸನ ದೊರೆತಾಗ, ಅವುಗಳ ಆಡಳಿತ ಮಂಡಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿ ಚಿಕಿತ್ಸೆ ಪಡೆಯುವವರೇ ಇರಬೇಕೆಂಬ ನಿಯಮ ಬಂದಿತು. ಬೇಸಗೆಗೆ ಬಂದು ಹೋಗುವವರ ಉಪಕಾರಕ್ಕೆ ಕಾಯದೆ, ಇರುವವರೇ ಹೊಣೆ ಹೊರುವ ಏರ್ಪಾಡು ಅದು.

ಎರಡನೆಯದು, ಕೆಲಸದ ರೀತಿಯನ್ನೇ ತಿದ್ದಿದ ಕಟ್ಟಳೆಗಳು. 1970ರಲ್ಲಿ ದ್ರಾಕ್ಷಿ ತೋಟಗಳ ಒಡೆಯರೊಡನೆ ಆದ ಕರಾರುಗಳಲ್ಲಿ ಕೀಟನಾಶಕಗಳ ಮೇಲೆ ನಿರ್ಬಂಧಗಳು ಸೇರಿದವು. ಗಿಡ್ಡ ಗುದ್ದಲಿಯ ವಿಷಯ ನ್ಯಾಯಾಲಯಕ್ಕೆ ಹೋಯಿತು. ಬಡ ಹಳ್ಳಿಗರ ಪರವಾಗಿ ವಾದಿಸುತ್ತಿದ್ದ ತರುಣ ವಕೀಲರ ತಂಡವು ವೈದ್ಯರ ಸಾಕ್ಷ್ಯವನ್ನು ಒಟ್ಟುಗೂಡಿಸಿತು. ಅಪಾಯಕರವಾದ ಉಪಕರಣವೆಂದರೆ ಮುರಿದದ್ದು, ಕೆಟ್ಟದ್ದು ಮಾತ್ರ. ಗುದ್ದಲಿ ಗಟ್ಟಿಮುಟ್ಟಾಗಿದೆಯಲ್ಲ ಎಂಬುದು ಅಧಿಕಾರಿಗಳ ನಿಲುವಾಗಿತ್ತು. ಗಟ್ಟಿಮುಟ್ಟಾದ ಉಪಕರಣವೂ ಹಿಡಿದವನ ಬೆನ್ನನ್ನು ಮುರಿಯಬಹುದೆಂಬುದನ್ನು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 1975ರ ಜನವರಿಯಲ್ಲಿ ಒಪ್ಪಿ, ಆ ನಿಲುವನ್ನು ತಳ್ಳಿಹಾಕಿತು. ಅದೇ ವರ್ಷ ಆ ರಾಜ್ಯದಲ್ಲಿ ಗಿಡ್ಡ ಗುದ್ದಲಿ ನಿಷೇಧವಾಯಿತು. ಕೂಲಿಗಾರರು ನೆಟ್ಟಗೆ ನಿಂತರು, ಬೇಸಾಯವೇನೂ ಹಾಳಾಗಲಿಲ್ಲ. ಇದು ವಿದ್ಯಾರ್ಥಿಗಳ ಗೆಲುವಲ್ಲ, ಕೂಲಿಗಾರರ ಗೆಲುವು. ಆದರೆ ಹೊಲದ ಸಂಕಟವನ್ನು ಓದುಬರಹದ ಭಾಷೆಗೆ ತಂದು ಸಾಕ್ಷ್ಯವಾಗಿ ನಿಲ್ಲಿಸುವವರು ಬೇಕಾಗುತ್ತಾರೆಂಬುದಕ್ಕೆ ಇದು ನಿದರ್ಶನ. ಇನ್ನು ಕುಡಿಯುವ ನೀರು, ಕೈತೊಳೆಯುವ ಅನುಕೂಲ, ಶೌಚಾಲಯ ಇವು ಹೊಲದಲ್ಲಿ ಇರಬೇಕೆಂಬ ನಿಯಮ ಇಡೀ ದೇಶಕ್ಕೆ ಬಂದದ್ದು 1987ರಲ್ಲಿ. ಅದೂ ಹನ್ನೊಂದು ಮಂದಿಗಿಂತ ಕಡಿಮೆ ಆಳುಗಳಿರುವ ಹೊಲಗಳನ್ನು ಬಿಟ್ಟು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಆಗಲೇ ಹದಿನೆಂಟು ವರ್ಷಗಳಾಗಿದ್ದವು.

ವಿದ್ಯಾರ್ಥಿಗಳ ಕೆಲಸವೂ ನಿಂತುಹೋಗಲಿಲ್ಲ. ಹಿಂದಿನ ತಪ್ಪಿನಿಂದ ಕಲಿತು ರೂಪ ಬದಲಾಯಿಸಿಕೊಂಡಿತು. ಉತ್ತರ ಕೆರೊಲಿನಾ ರಾಜ್ಯದಲ್ಲಿ 1992ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಪ್ರತಿ ಬೇಸಗೆ ವಿದ್ಯಾರ್ಥಿಗಳನ್ನು ಅಲ್ಲಿ ಮೊದಲೇ ನೆಲೆಯೂರಿರುವ ಚಿಕಿತ್ಸಾಲಯಗಳ, ಕಾನೂನು ನೆರವಿನ ಕೇಂದ್ರಗಳ ಕೈಕೆಳಗೆ ಕೆಲಸಕ್ಕೆ ಕಳುಹಿಸುತ್ತ ಬಂದಿದೆ. ವಿದ್ಯಾರ್ಥಿ ಹೋದರೂ ಕೆಲಸ ನಿಲ್ಲುವುದಿಲ್ಲ. ಆ ವಿದ್ಯಾರ್ಥಿಗಳಲ್ಲಿ ಹಲವರು ಕೃಷಿಕೂಲಿಗಳ ಮನೆಯಲ್ಲೇ ಹುಟ್ಟಿದವರೆಂಬುದು ಇನ್ನೂ ದೊಡ್ಡ ಮಾತು. ಜಾರ್ಜಿಯಾ ರಾಜ್ಯದ ಎಮರಿ ವಿಶ್ವವಿದ್ಯಾಲಯದ ದಾದಿ ವಿದ್ಯಾರ್ಥಿಗಳು 1990ರ ದಶಕದಿಂದ ಬೇಸಗೆಯಲ್ಲಿ ಎರಡು ವಾರ ಆ ರಾಜ್ಯದ ದಕ್ಷಿಣದ ತರಕಾರಿ ಸೀಮೆಗೆ, ಸ್ಥಳೀಯ ಚಿಕಿತ್ಸಾಲಯದ ಜೊತೆಗೂಡಿ ಹೋಗುತ್ತಾರೆ. ಗಂಡಾಳುಗಳನ್ನು ಅವರು ಪರೀಕ್ಷಿಸುವುದು ಕೆಲಸ ಮುಗಿದ ಮೇಲೆ, ಬಿಡಾರದ ಅಂಗಳದಲ್ಲಿ, ದೀಪದ ಬೆಳಕಿನಲ್ಲಿ. ಅದನ್ನು ಓದಿದಾಗ ನನ್ನ ಕಿವಿಯಲ್ಲಿ ಆ ಮುದುಕಿಯ ದನಿ ಮತ್ತೆ ಕೇಳಿಸಿತು.

ಉತ್ತರ ಕೆರೊಲಿನಾ ಹೊಗೆಸೊಪ್ಪಿನ ಸೀಮೆ. ಇಬ್ಬನಿಯಿಂದ ತೊಯ್ದ ಹಸಿ ಎಲೆಯನ್ನು ಕೀಳುವವರ ಚರ್ಮದ ಮೂಲಕ ನಿಕೊಟಿನ್ ಒಳಸೇರಿ ವಾಕರಿಕೆ, ತಲೆನೋವು, ನಿಶ್ಶಕ್ತಿಗಳನ್ನು ತರುತ್ತದೆ. ಅಮೆರಿಕದ ವೈದ್ಯರು ಇದನ್ನು ಮೊದಲು ಬರೆದು ಪ್ರಕಟಿಸಿದ್ದು 1970ರಲ್ಲಿ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿಯೂ ಬೆಳಗಿನ ಇಬ್ಬನಿ ಬೀಳುತ್ತದೆ. ಅಲ್ಲಿ ಎಲೆ ಮುರಿಯುವ ಹೆಣ್ಣಾಳು ತಲೆಸುತ್ತೆಂದು ವೈದ್ಯರ ಬಳಿಗೆ ಹೋದರೆ, ನಿನ್ನೆ ಯಾವ ಕೆಲಸ ಮಾಡಿದೆ ಎಂದು ಕೇಳುವವರು ಎಷ್ಟು ಮಂದಿ?

ಕೇಳದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ನೆರೆಯ ಮಹಾರಾಷ್ಟ್ರ ತೋರಿಸಿಕೊಟ್ಟಿದೆ. ಅಲ್ಲಿಯ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ವಲಸೆ ಹೋಗುವವರು ಲಕ್ಷಗಟ್ಟಲೆ. ನಮ್ಮ ಬೆಳಗಾವಿಯ ಕಡೆಗೂ ಅವರು ಬರುತ್ತಾರೆ. ಗಂಡ ಹೆಂಡತಿಯರನ್ನು ಒಂದು ಜೋಡಿಯೆಂದು ಎಣಿಸಿ ಮುಂಗಡ ಕೊಡುವ ಪದ್ಧತಿ. ಒಂದು ದಿನ ಕೆಲಸ ತಪ್ಪಿದರೆ ದಂಡ. 2019ರಲ್ಲಿ ಆ ರಾಜ್ಯದ ಸರ್ಕಾರ ನೇಮಿಸಿದ ಸಮಿತಿಯು ಅಲ್ಲಿಯ ಸುಮಾರು 82,000 ಹೆಣ್ಣಾಳುಗಳನ್ನು ವಿಚಾರಿಸಿದಾಗ, ಅವರಲ್ಲಿ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದುದು ತಿಳಿದುಬಂದಿತು. ಮುಟ್ಟಿನ ನೋವಿಗೆ, ಬಿಳಿಸೆರಗಿಗೆ ಚಿಕ್ಕ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆ! ಇಲ್ಲಿ ವೈದ್ಯವೇನೋ ರೋಗಿಗೆ ದೊರೆಯಿತು. ಆದರೆ ಹೊಲದಲ್ಲಿ ನೀರಿದೆಯೇ, ಶೌಚಾಲಯವಿದೆಯೇ, ಒಂದು ದಿನ ಮಲಗಲು ಬಿಡುವಿದೆಯೇ ಎಂದು ಅದು ಕೇಳಲಿಲ್ಲ. ಕೆಲಸವನ್ನು ದೇಹಕ್ಕೆ ಹೊಂದಿಸುವುದರ ಬದಲು ದೇಹವನ್ನೇ ಕೊಯ್ದು ಕೆಲಸಕ್ಕೆ ಹೊಂದಿಸಿತು.

ನಮ್ಮಲ್ಲಿ ಕಾನೂನುಗಳಿಲ್ಲವೆಂದಲ್ಲ. ಹೊರರಾಜ್ಯಕ್ಕೆ ಕರೆದೊಯ್ಯುವ ಕೂಲಿಗಾರರಿಗೆ ಗುತ್ತಿಗೆದಾರನು ವಸತಿ, ಚಿಕಿತ್ಸೆಗಳನ್ನು ಒದಗಿಸಬೇಕೆಂದು 1979ರಲ್ಲಿ ಶಾಸನವಾಯಿತು. 2020ರ ಹೊಸ ಸಂಹಿತೆಯಲ್ಲಿ ಅದನ್ನು ಸೇರಿಸಲಾಯಿತು. ಆದರೆ ಬಳ್ಳಾರಿಯಿಂದ ಮಂಡ್ಯಕ್ಕೆ ಬಂದವರು ರಾಜ್ಯದ ಗಡಿಯನ್ನು ದಾಟಿದವರಲ್ಲ. 1984ರಲ್ಲಿ ಆ ಸೋಗೆಯ ಗುಡಿಸಲುಗಳು ಆ ಶಾಸನದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಷ್ಟು ವಿಷಯವನ್ನೂ ನಾನು ಅಂದು ತಿಳಿದಿರಲಿಲ್ಲ. ತಿಳಿಯಲು ನನಗೆ ದೊರೆತ ಅವಕಾಶ ಒಂದೇ, ಕತ್ತಲಾದ ಮೇಲೆ ಮತ್ತೆ ಅಲ್ಲಿಗೆ ಹೋಗುವುದು. ಅದನ್ನು ನಾನು ಕಳೆದುಕೊಂಡೆ.

1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ಬಹು ವಿಸ್ತಾರವಾಗಿ ಬೆಳೆದಿದೆ. ಪ್ರತಿ ವರ್ಷವೂ ನಮ್ಮ ತರುಣ ತರುಣಿಯರು ಹಳ್ಳಿಗಳಿಗೆ ಹೋಗುತ್ತಾರೆ. ಅವರನ್ನು ಕರೆದುಕೊಂಡು ಹೋಗುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಸುಗ್ಗಿಯ ಹಿಂದೆ ಬಂದ ಜನರ ಬಿಡಾರ ನಿಮ್ಮ ಶಿಬಿರದ ಹತ್ತಿರ ಇದ್ದರೆ, ಮಾತ್ರೆಯ ಡಬ್ಬಕ್ಕಿಂತ ಮೊದಲು ಒಂದು ನೋಟುಪುಸ್ತಕವನ್ನು ಒಯ್ಯಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿರಿ, ನೀವು ಹೊರಟುಹೋದ ಮೇಲೆ ಅಲ್ಲಿ ಉಳಿಯುವವರು ಅವರು. ಎಲ್ಲಿ ನೋವು ಎಂದಷ್ಟೇ ಕೇಳದೆ, ಏನು ಕೆಲಸ ಎಂದೂ ಕೇಳಿರಿ. ಆಗದೇ ಹೋದುದನ್ನು ಆಯಿತೆಂದು ವರದಿಯಲ್ಲಿ ಬರೆಯಬೇಡಿರಿ.

ಎಲ್ಲಕ್ಕಿಂತ ಮೊದಲು, ಹೊತ್ತು ಮುಳುಗಿದ ಮೇಲೆ ಹೋಗಿರಿ.